ಎಳನೀರು ಕುಡಿಸಿ ತೂಕ ಹಾಕಿಸಿದ್ದು

ನಮ್ಮ ಮಾವನವರಿಗೆ ತಕ್ಕಡಿ ಬೇಕಿರಲಿಲ್ಲ. ಕೊಬ್ಬರಿ ಚೀಲವನ್ನು ಒಂದು ಸಲ ನೆಲದಿಂದ ಎತ್ತಿ ಇಳಿಸಿ ಇಷ್ಟು ಕೆಜಿ ಎಂದರೆ ಮುಗಿಯಿತು. ತಿಪಟೂರಿನ ಮಂಡಿಯಲ್ಲಿ ಬೇರೆ ತೂಕ ಬಂದರೆ ತಪ್ಪು ಮಂಡಿಯ ತಕ್ಕಡಿಯದೇ ಹೊರತು ಅವರ ಕೈಯದಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರು ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಇಲ್ಲ ಇನ್ನೂ ಸ್ವಲ್ಪ ಕಾಲ ಅಟ್ಟದ ಮೇಲೇ ಬಿದ್ದಿರಬೇಕೋ ಎಂದು ಹೇಳಿಬಿಡುತ್ತಿದ್ದರು. ಊರಿನವರು ಅವರ ಕಿವಿಯನ್ನು ನಂಬಿ ವ್ಯಾಪಾರ ಮಾಡುತ್ತಿದ್ದರು. ಈ ವಿದ್ಯೆಯನ್ನು ಅವರು ಮೊಮ್ಮಗಳ ಮೇಲೂ ಪ್ರಯೋಗಿಸುತ್ತಾರೆಂದು ಮಾತ್ರ ನಾನು ಎಣಿಸಿರಲಿಲ್ಲ.

ಆಗ ನನ್ನ ಮಗಳಿಗೆ ಮೂರು ತುಂಬಲು ಇನ್ನು ಕೆಲವೇ ತಿಂಗಳು ಇತ್ತು. ಹಾಲ್ಕುರಿಕೆ ಕಡೆಯ ನಮ್ಮ ಹಳ್ಳಿಯ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಾರೆ. ತೊಲೆಗೆ ಗಡಿಯಾರದಂಥ ತಕ್ಕಡಿ ತೂಗುಹಾಕಿ, ಅದರ ಕೊಕ್ಕೆಗೆ ಚಡ್ಡಿಯ ಆಕಾರದ ಬಟ್ಟೆ ಜೋಲಿ ಸಿಕ್ಕಿಸಿ, ಅದರೊಳಗೆ ಮಗುವಿನ ಕಾಲು ತೂರಿಸಿ ಬಿಟ್ಟರೆ ಮುಳ್ಳು ತಿರುಗುತ್ತದೆ. ಬಂದ ತೂಕಕ್ಕೆ ಟೀಚರ್ ಒಂದು ಕಾರ್ಡಿನ ಮೇಲೆ ಚುಕ್ಕಿ ಇಡುತ್ತಾರೆ. ಚುಕ್ಕಿ ಹಸಿರು ಪಟ್ಟಿಯಲ್ಲಿದ್ದರೆ ಸರಿ, ಹಳದಿಗೆ ಬಂದರೆ ಎಚ್ಚರ, ಕೆಂಪಿಗೆ ಇಳಿದರೆ ಆಸ್ಪತ್ರೆ. ನನ್ನ ಮಗಳ ಚುಕ್ಕಿ ಹಳದಿಯೊಳಗೆ ಇಳಿದು ಕೆಂಪಿನ ಕಡೆ ಮುಖ ಮಾಡಿ ಕೂತಿತ್ತು.

ಅಟ್ಟದ ತುಂಬ ಕಾಯಿ, ಕಣಜದ ತುಂಬ ರಾಗಿ, ಕೊಟ್ಟಿಗೆಯಲ್ಲಿ ಕರೆಯುವ ಹಸು. ಇಂಥ ಮನೆಯ ಮಗು ಹಳದಿ ಎಂದರೆ ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕೆಂದು ತಿಳಿಯದೆ ದಾರಿಯಲ್ಲಿ ಅಡ್ಡ ಬಂದ ಕೋಳಿಯನ್ನು ಬೈದುಕೊಂಡು ಮನೆಗೆ ಬಂದೆ. ಬೈಯುತ್ತಿದ್ದುದೇನೋ ನಿಜ, ಒಳಗೆ ಮಾತ್ರ ಬರೀ ಭಯ.

ಮಾವನವರು ವಿಷಯ ಕೇಳಿ ಮಗುವನ್ನು ಹತ್ತಿರ ಕರೆದರು. ಎರಡು ಕಂಕುಳಿಗೂ ಕೈ ಕೊಟ್ಟು ಮೇಲೆತ್ತಿ, ಅದರ ಹೊಟ್ಟೆಯನ್ನು ತಮ್ಮ ಕಿವಿಯ ಹತ್ತಿರ ತಂದು, ಮೆಲ್ಲಗೆ ಅಲ್ಲಾಡಿಸಿದರು. ಮಗಳು ಕಿಲಕಿಲ ನಕ್ಕಳು.

"ನೀರಂಶ ಇಲ್ಲ ಕಣಮ್ಮ. ಒಳಗೆ ಗಟ್ಟಿ ಐತೆ" ಎಂದರು. "ಒಣಗಿದ ಮಾಲು ಹಗುರಾಗೇ ಇರ್ತೈತೆ. ನೀರು ತುಂಬ್ಕೊಂಡು ತೂಗ್ತೈತಲ್ಲ, ಅದು ಬೂಷ್ಟು ಹಿಡಿಯೋ ಮಾಲು."

"ಮಾವ, ಅವಳು ಕೊಬ್ಬರಿ ಅಲ್ಲ" ಎಂದೆ.

"ಕೊಬ್ಬರಿ ಅಂತ ಯಾರಂದ್ರು? ತೂಕದ ವಿಷ್ಯ ಹೇಳ್ದೆ" ಎಂದು ಎಲೆಅಡಿಕೆ ತಟ್ಟೆ ಎಳೆದುಕೊಂಡರು.

ಮನೆಯಲ್ಲಿ ಎಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ಅತ್ತೆಯ ತವರು ಕೆಂಕೆರೆ. ಕೆಂಕೆರೆ ಕಡೆಯವರೆಲ್ಲ ಸಣಕಲು, ಮಗು ಅಜ್ಜಿಯ ಪೈಕಿಯನ್ನು ಹೋಲುತ್ತದೆ ಎಂದು ಮಾವನವರು. ನಾನು ತುರುವೇಕೆರೆಯವಳು. ತುರುವೇಕೆರೆ ಪೇಟೆಯ ಹೆಣ್ಣುಮಕ್ಕಳು ಬಾಣಂತನದಲ್ಲಿ ಬಾಯಿ ಕಟ್ಟುವುದಿಲ್ಲ, ಅದಕ್ಕೇ ಹಾಲು ಮೈಗೆ ಹತ್ತಲಿಲ್ಲ ಎಂದು ಅತ್ತೆ. ಇದೆಲ್ಲ ಸಾಲದೆ ದೃಷ್ಟಿಯೂ ಆಗಿದೆ ಎಂದು ಅವರೇ ಸೇರಿಸಿದರು. ತಿಪಟೂರಿನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಮಾತ್ರ ಎಲ್ಲಕ್ಕೂ ಒಂದೇ ಉಪಾಯ: ಮೊಬೈಲಿನಲ್ಲಿ ಹಾಡು ಹಾಕಿಕೊಟ್ಟರೆ ಮಗು ಬಾಯಿ ತೆರೆಯುತ್ತದೆ. ಬಾಯಿ ತೆರೆಯುತ್ತಿತ್ತು, ನಿಜ. ನುಂಗುತ್ತಿರಲಿಲ್ಲ. ಅನ್ನವನ್ನು ಕೆನ್ನೆಯೊಳಗೆ ಗೋಡೌನ್ ಮಾಡಿಕೊಂಡು, ಹಾಡು ಮುಗಿದ ಮೇಲೆ ನನ್ನ ಸೆರಗಿನ ಮೇಲೆ ಉಗಿಯುತ್ತಿತ್ತು.

ಅಂಗನವಾಡಿಯಿಂದ ಮಗುವಿಗೆಂದು ಪೌಷ್ಟಿಕ ಹಿಟ್ಟಿನ ಪ್ಯಾಕೆಟ್ಟು ಬರುತ್ತಿತ್ತು. ಅದು ಎಲ್ಲಿ ಹೋಗುತ್ತಿದೆಯೆಂದು ನಾನು ಬಹಳ ದಿನ ವಿಚಾರಿಸಿರಲಿಲ್ಲ. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು ನೋಡಿ, ರುಚಿಯಿಲ್ಲವೆಂದು ತೀರ್ಮಾನಿಸಿ, ಕರುವಿನ ಬಾನಿಗೆ ಸುರಿಯುತ್ತಿದ್ದರು. ನಮ್ಮ ಕರುವಿನ ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅದನ್ನು ಯಾರಾದರೂ ಆ ಜೋಲಿಯಲ್ಲಿ ತೂಗಿದ್ದರೆ ಚುಕ್ಕಿ ಹಸಿರು ಪಟ್ಟಿಯನ್ನೂ ದಾಟಿ ಕಾರ್ಡಿನಿಂದ ಆಚೆ ಹೋಗುತ್ತಿತ್ತು.

ಮುಂದಿನ ತಿಂಗಳ ತೂಕದ ದಿನ ಬಂತು. ಬೆಳಿಗ್ಗೆಯಿಂದ ಮಾವನವರು ಬಹಳ ಉತ್ಸಾಹದಲ್ಲಿದ್ದರು. ಮಗುವನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬಂದರು. ಅತ್ತೆ ಅದಕ್ಕೆ ಬೆಳ್ಳಿಯ ಉಡುದಾರ, ಕಾಲ್ಗೆಜ್ಜೆ, ಕೈಗೆ ಕಡಗ, ಕೊರಳಿಗೆ ತಾಯಿತ ಎಲ್ಲ ತೊಡಿಸಿ, ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟು ಇಟ್ಟರು. ತಕ್ಕಡಿಗೆ ಹತ್ತುವ ಮಗುವಿಗೆ ಇಷ್ಟು ಅಲಂಕಾರ ಯಾಕೆ ಎಂದರೆ, "ನಾಲ್ಕು ಜನ ನೋಡ್ತಾರೆ ಕಣಮ್ಮ" ಎಂದರು. ಅಷ್ಟೂ ಬೆಳ್ಳಿ ತಕ್ಕಡಿಯ ಮುಳ್ಳಿಗೂ ಕಾಣುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ.

ಅಂಗನವಾಡಿಗೆ ನಾವು ಮೂವರೂ ಹೋದೆವು. ಮಾವನವರು ಸಾಮಾನ್ಯವಾಗಿ ಅತ್ತ ತಲೆ ಹಾಕುವವರಲ್ಲ. ಅಂದು ಹಣೆ ತುಂಬ ವಿಭೂತಿ ಧರಿಸಿ, ಹೆಗಲ ಮೇಲೆ ಮಡಿಸಿದ ಟವಲ್ಲು ಹಾಕಿ, ಮಂಡಿಯಲ್ಲಿ ತಮ್ಮ ಮಾಲು ಹರಾಜಿಗೆ ಬಂದಾಗ ನಿಲ್ಲುವ ಹಾಗೆ ಬಾಗಿಲಲ್ಲಿ ನಿಂತರು. ಮಗುವನ್ನು ಜೋಲಿಗೆ ಇಳಿಸಿದೆವು. ಮುಳ್ಳು ತಿರುಗಿತು. ಹೋದ ತಿಂಗಳ ಗೆರೆ ದಾಟಿತು, ಇನ್ನೂ ಮುಂದೆ ಹೋಯಿತು.

"ಅರೆ, ಪರವಾಗಿಲ್ವಲ್ಲ! ಚೆನ್ನಾಗಿ ಏರೈತೆ" ಎಂದು ಟೀಚರ್ ಪೆನ್ನು ತೆಗೆದರು.

ಅತ್ತೆ ಮಗುವಿನ ಮುಖದ ಸುತ್ತ ಕೈ ತಿರುಗಿಸಿ ನೆಟಿಕೆ ಮುರಿದರು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಜೋಲಿಯಲ್ಲಿದ್ದ ಮಗಳು ಯಾಕೋ ಗಂಭೀರಳಾದಳು. ಕಾಲು ಜೋಡಿಸಿದಳು. ಮೇಲೆ ತೊಲೆಯನ್ನು ನೋಡಿದಳು. ನಾವು ನೋಡುತ್ತಿದ್ದಂತೆಯೇ ಜೋಲಿಯ ತಳದಿಂದ ಧಾರೆ ಇಳಿಯಿತು. ಮಗು ಬೆಳಗಿನಿಂದ ತಡೆದುಕೊಂಡಿದ್ದಿರಬೇಕು, ನಿಲ್ಲುವ ಲಕ್ಷಣವೇ ಇರಲಿಲ್ಲ. ನೆಲದ ಮೇಲೆ ಕೂತಿದ್ದ ಉಳಿದ ತಾಯಂದಿರು ಚಾಪೆ ಎಳೆದುಕೊಂಡು ಎದ್ದರು. ತಕ್ಕಡಿಯ ಮುಳ್ಳು ಎಲ್ಲರ ಕಣ್ಣೆದುರಿಗೇ ಹಿಂದಕ್ಕೆ ಬರತೊಡಗಿತು.

"ಏನ್ ಕುಡಿಸ್ಕೊಂಡ್ ಬಂದ್ರಿ?" ಎಂದು ಟೀಚರ್ ಸೀರೆ ಎತ್ತಿ ಹಿಡಿದು ಕೇಳಿದರು.

ನಾನು ಅತ್ತೆಯನ್ನು ನೋಡಿದೆ. ಅತ್ತೆ ಮಾವನವರನ್ನು ನೋಡಿದರು. ಮಾವನವರು ಹೊರಗೆ ಹೋಗುತ್ತಿದ್ದ ಟ್ರ್ಯಾಕ್ಟರನ್ನು ನೋಡಿದರು.

"ಎಳ್ನೀರು!" ಎಂದಳು ಮಗಳು, ಗಾಳಿಯಲ್ಲಿ ತೂಗಾಡುತ್ತ. "ತಾತ ಕೊಡ್ತು. ಇನ್ನೊಂದೂ ಕೊಡ್ತು. ಟೀಚರ್ಗೆ ಹೇಳ್ಬ್ಯಾಡ ಅಂತು."

ಕೊಬ್ಬರಿಗೆ ನೀರು ಚಿಮುಕಿಸಿ ತೂಕಕ್ಕೆ ತರುವವರ ವಂಶ ಉದ್ಧಾರವಾಗುವುದಿಲ್ಲ ಎಂದು ಜೀವಮಾನವಿಡೀ ಮಂಡಿಯಲ್ಲಿ ಕೂಗಾಡಿದ ಮನುಷ್ಯ! ಟೀಚರ್ ಮಗುವನ್ನು ಒರೆಸಿ, ಬೆಳ್ಳಿಯನ್ನೆಲ್ಲ ಬಿಚ್ಚಿಸಿ, ಬೇರೆ ಜೋಲಿ ಹಾಕಿ ಮತ್ತೆ ತೂಗಿದರು. ಹೋದ ತಿಂಗಳಿಗಿಂತಲೂ ಕಡಿಮೆ ಬಂತು.

ಆಮೇಲೆ ನನ್ನನ್ನು ಅಡುಗೆ ಕೋಣೆಯ ಪಕ್ಕಕ್ಕೆ ಕರೆದರು. "ಮುಂದಿನ ತಿಂಗಳೂ ಏರ್ಲಿಲ್ಲ ಅಂದ್ರೆ ತಾಲ್ಲೂಕು ಆಸ್ಪತ್ರೆಗೆ ಸೇರಿಸ್ಬೇಕಾಗ್ತೈತೆ ಕಣಮ್ಮ. ಮಗು ಚೂಟಿಯಾಗೈತೆ, ನಿಜ. ಆದ್ರೆ ಒಂದು ಜ್ವರ, ಒಂದು ಭೇದಿ ಬಂದ್ರೆ ತಡ್ಕಳಾಕೆ ಮೈಯಾಗೆ ಏನಾರ ಇರ್ಬೇಕಲ್ವಾ? ದಿನಾ ಏನ್ ತಿಂತಾಳೆ?"

"ಏನೂ ತಿನ್ನಲ್ಲ ಟೀಚರ್."

"ಏನೂ ತಿನ್ನದಿದ್ರೆ ಹಿಂಗೆ ಕುಣೀತಾ ಇರ್ತಿದ್ಳಾ? ಏನೋ ತಿಂತಾಳೆ, ನೋಡು. ದಿನಾ ಒಂದು ಮೊ..." ಎಂದು ಶುರು ಮಾಡಿದವರು ಬಾಗಿಲಲ್ಲಿದ್ದ ಮಾವನವರ ವಿಭೂತಿ ನೋಡಿ ಮೊಟ್ಟೆಯನ್ನು ಅರ್ಧಕ್ಕೇ ನುಂಗಿಕೊಂಡು, "ಕಾಳು ಕೊಡು, ಹಾಲು ಕೊಡು" ಎಂದು ಮುಗಿಸಿದರು.

ಮನೆಗೆ ಬರುವವರೆಗೂ ಒಂದು ಜ್ವರ, ಒಂದು ಭೇದಿ ಎಂಬ ಮಾತು ನನ್ನ ಕಿವಿಯಲ್ಲೇ ಕೂತಿತ್ತು. ಮಾವನವರ ಹೆಗಲ ಮೇಲೆ ಕೂತಿದ್ದ ಮಗಳ ಕಾಲು ನನ್ನ ಮುಂದೆ ಅಲ್ಲಾಡುತ್ತಿತ್ತು. ಅಷ್ಟು ಸಣ್ಣ ಕಾಲು ಎಂದು ನನಗೆ ಅದುವರೆಗೆ ಅನಿಸಿಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋಗುವ ಹಾಗೆ ಮಾಡಿ ಹಿಂದಿರುಗಿ ಬಂದೆ. ಏನೋ ತಿನ್ನುತ್ತಾಳೆ ಎಂದರೆ ಅದು ಏನೆಂದು ನೋಡಿಯೇಬಿಡಬೇಕಿತ್ತು. ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಅಡುಗೆಮನೆಯಲ್ಲೇ, ಒಲೆಯ ಮುಂದೆ, ಅತ್ತೆಯ ತೊಡೆಯ ಮೇಲೆ ಮಗಳು ಕೂತಿದ್ದಳು. ಲೋಟದಲ್ಲಿ ಸಕ್ಕರೆ ಸುರಿದ ಕಾಫಿ. ಅತ್ತೆ ಬಿಸ್ಕತ್ತನ್ನು ಒಂದೊಂದಾಗಿ ಅದ್ದಿ, ಅದು ಕಳಚಿ ಬೀಳುವ ಮೊದಲೇ ಬಾಯಿಗೆ ಇಡುತ್ತಿದ್ದರು. ಆ ಕೈಚಳಕ ನೋಡಿದರೆ ಇದು ಇಂದು ನಿನ್ನೆಯ ಅಭ್ಯಾಸವಲ್ಲ.

"ಅಮ್ಮಂಗೆ ಹೇಳ್ಬ್ಯಾಡ, ಆಯ್ತಾ?" ಎನ್ನುತ್ತಿದ್ದರು.

ನಾನು ಬಾಯಿ ಮುಚ್ಚಿಕೊಂಡು ಬಾಗಿಲ ಮರೆಯಲ್ಲಿ ನಿಂತೆ. ನನ್ನ ಸ್ವಭಾವ ಬಲ್ಲವರು ಇದನ್ನು ನಂಬುವುದಿಲ್ಲ. ಅಲ್ಲಿಂದ ಮಗಳು ಜಗಲಿಗೆ ಹೋದಳು. ಜಗಲಿಯಲ್ಲಿ ತಾತನ ಕಾಫಿ, ತಾತನ ಬನ್ನು. ಬನ್ನಿನ ಮೇಲಿನ ಕೆಂಪು ಭಾಗ ಮೊಮ್ಮಗಳಿಗೆ, ಉಳಿದದ್ದು ತಾತನಿಗೆ ಎಂದು ಇಬ್ಬರ ನಡುವೆ ಒಪ್ಪಂದವಾಗಿತ್ತು. ನಮ್ಮ ಕೇರಿಯ ಮನೆಗಳ ಜಗಲಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಗಳು ಆ ಜಗಲಿಗಳ ಮೇಲೇ ನಡೆದು ಪಕ್ಕದ ಮನೆಗೆ ಹೋದಳು. ನಾನು ಪೊರಕೆ ಹಿಡಿದು, ಬೀದಿ ಗುಡಿಸುವ ನೆಪದಲ್ಲಿ ಹಿಂದೆ ಹೋದೆ.

ನಮ್ಮ ಕಡೆ ಹೊಸಿಲಿಗೆ ಬಂದ ಮಗುವನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ. ಕಳಿಸಿದರೆ ಆ ಮನೆಯ ಒಲೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ಟೀಯಲ್ಲಿ ರಸ್ಕು ಅದ್ದಿ ಕೊಟ್ಟರು. ಅದರಾಚೆಯ ಮನೆಯಲ್ಲಿ ಕ್ರೀಮ್ ಬಿಸ್ಕತ್ತು. ಮೂಲೆಯ ಅಂಗಡಿಯವನು ಮೇಲೆ ಜೋತುಬಿಟ್ಟಿದ್ದ ಸರದಿಂದ ಖಾರದ ಪೊಟ್ಟಣ ಒಂದನ್ನು ಕಿತ್ತು, ತಾನೇ ಹಲ್ಲಿನಿಂದ ಹರಿದುಕೊಟ್ಟ. ನಮ್ಮದೇ ಶೆಡ್ಡಿನಲ್ಲಿ ಕಾಯಿಯ ಚಿಪ್ಪು ಬಿಡಿಸುತ್ತಿದ್ದ ಹೆಂಗಸರು ತಮ್ಮ ಫ್ಲಾಸ್ಕಿನ ಮುಚ್ಚಳದಲ್ಲಿ ಇನ್ನೊಂದು ಗುಟುಕು ಕಾಫಿ ಕುಡಿಸಿದರು. ಕೊಡುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು.

"ಪಾಪ, ಏನೂ ತಿನ್ನಲ್ವಂತೆ ಕಣವ್ವ ಈ ಕೂಸು. ಅವ್ರಜ್ಜಿ ನೆನ್ನೆ ಕಣ್ಣಾಗೆ ನೀರು ಹಾಕ್ಕೊಂಡ್ಳು."

ಅಷ್ಟು ಹೊತ್ತಿಗೆ ನಾನು ಊರಿನ ಅರ್ಧ ಬೀದಿ ಗುಡಿಸಿದ್ದೆ. ಇಷ್ಟೆಲ್ಲ ಮುಗಿಸಿಕೊಂಡು ಬರುವ ಮಗುವಿನ ಹಿಂದೆ ನಾನು ದಿನಾ ಮಧ್ಯಾಹ್ನ ಅನ್ನಕ್ಕೆ ತುಪ್ಪ ಕಲಸಿ, ತಟ್ಟೆ ಹಿಡಿದು, ಹಿತ್ತಿಲಿಂದ ಬೀದಿಗೆ ಬೀದಿಯಿಂದ ಹಿತ್ತಿಲಿಗೆ ಓಡುತ್ತಿದ್ದೆ. ಅವಳ ಹೊಟ್ಟೆಯಲ್ಲಿ ಜಾಗ ಎಲ್ಲಿತ್ತು? ಆ ಓಟದಿಂದ ನನ್ನ ತೂಕ ಇಳಿದಿತ್ತು ಅಷ್ಟೇ.

ಮನೆಗೆ ಬಂದು ಪೊರಕೆ ಬಿಸಾಡಿದೆ. ಜಗಳ ಚೆನ್ನಾಗಿಯೇ ಆಯಿತು. ಮಾವನವರು ಬನ್ನಿನ ಬಗ್ಗೆ ಏನೂ ಗೊತ್ತಿಲ್ಲವೆಂದರು. ಅವರ ಮೀಸೆಯ ಮೇಲೆ ಪುಡಿಯಿತ್ತು. "ಮಗೂಗೆ ವಿಷ ಹಾಕ್ದಂಗೆ ಮಾತಾಡ್ತೀಯಲ್ಲೇ, ಬಿಸ್ಕತ್ತು ಕಣೇ ಅದು!" ಎಂದು ಅತ್ತೆ ದನಿ ಏರಿಸಿದರು. ನಾನು ಇನ್ನೂ ಏರಿಸಿದೆ. ಆಸ್ಪತ್ರೆಗೆ ಸೇರಿಸಿದ ದಿನ ನೀವೇ ಬಂದು ಹಾಸಿಗೆ ಪಕ್ಕ ಕೂತು ಬಿಸ್ಕತ್ತು ಅದ್ದಿಕೊಡಿ ಎಂದುಬಿಟ್ಟೆ. ಅತ್ತೆ ಬಿಸ್ಕತ್ತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸಿಲ ಹತ್ತಿರ ಕೂತರು.

"ನನ್ ಮಕ್ಳು ಜ್ವರ ಬಂದಾಗ ಮಾತ್ರ ಬಿಸ್ಕತ್ತು ಕಂಡಿದ್ದು" ಎಂದರು. "ನಿನ್ ಗಂಡ ಬಿಸ್ಕತ್ತಿನ ಆಸೆಗೆ ಜ್ವರ ಬಂತು ಅಂತ ಸುಳ್ಳು ಹೇಳೋನು. ಹಣೆ ಮುಟ್ಟಿ ನೋಡಿ, ತಣ್ಣಗೈತೆ ಎದ್ದೋಗ್ಲಾ ಅಂತ ಕಳಿಸ್ತಿದ್ದೆ. ಈ ಕೂಸಿಗೆ ಜ್ವರ ಇಲ್ದಲೇ ಕೊಡೋ ಯೋಗ ಬಂತಲ್ಲ ಅಂತ ಕೊಟ್ಟೆ ಕಣಮ್ಮ."

ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಸಿಟ್ಟು ಇಳಿದರೂ ಸಮಸ್ಯೆ ಹಾಗೇ ಇತ್ತು. ನಮ್ಮ ಮನೆಯಲ್ಲಿ ನಿಲ್ಲಿಸಬಹುದು, ಕೇರಿಯವರನ್ನು ನಿಲ್ಲಿಸುವುದು ಹೇಗೆ? ನಮ್ಮ ಮಗುವಿಗೆ ಏನೂ ಕೊಡಬೇಡಿ ಎಂದರೆ, ಓಹೋ, ನಮ್ಮ ಕಣ್ಣು ಕೆಟ್ಟದ್ದು ಎನ್ನುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಪಕ್ಕದ ಮನೆಯವರು ನಮ್ಮ ಹಿತ್ತಿಲಿಗೆ ಬಿಟ್ಟಿರುವ ದಾರಿ ಮುಚ್ಚುತ್ತಾರೆ. ನಾನು ಎರಡು ದಿನ ಇದನ್ನೇ ಯೋಚಿಸಿ ತಲೆ ಕೆಡಿಸಿಕೊಂಡೆ.

ದಾರಿ ಹುಡುಕಿದ್ದು ಅತ್ತೆಯೇ. ಒಂದು ಬೆಳಿಗ್ಗೆ ಸ್ನಾನ ಮಾಡಿ, ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ ಮನೆದೇವರಿಗೆ ಮುಡಿಪು ಕಟ್ಟಿದರು. ಆಮೇಲೆ ಬೀದಿ ನಲ್ಲಿಯಲ್ಲಿ ನೀರು ಬಿಡುವ ಹೊತ್ತು ನೋಡಿ, ಎಲ್ಲ ಹೆಂಗಸರೂ ಸೇರಿದ್ದಾಗ ಅಲ್ಲಿಗೆ ಹೋಗಿ ನಿಂತರು.

"ನಮ್ ಕೂಸಿನ ಹೆಸ್ರಲ್ಲಿ ಹರಕೆ ಹೊತ್ತೀನಿ ಕಣ್ರವ್ವ. ಮುಂದಿನ ತೂಕದ ದಿನದ ಗಂಟ ಅದ್ರ ಬಾಯಿಗೆ ಕಾಫಿ, ಟೀ, ಬಿಸ್ಕತ್ತು, ಪೊಟ್ಟಣದ್ದು ಯಾವ್ದೂ ಬೀಳಂಗಿಲ್ಲ. ತಿಳೀದೆ ಕೊಟ್ರೂ ಸೈ, ಹರಕೆ ಕೆಡಿಸಿದ ದೋಷ ಕೊಟ್ಟೋರಿಗೇ."

ಹೆಂಗಸರೆಲ್ಲ ಗಲ್ಲ ಬಡಿದುಕೊಂಡರು. ಟೀಚರು ತಿಂಗಳುಗಟ್ಟಲೆ ಹೇಳಿದರೂ ಆಗದಂಥದ್ದು ಒಂದೇ ಮಾತಿಗೆ ಆಯಿತು. ರಸ್ಕಿನ ಅಜ್ಜಿ ಮಾತ್ರ ಕೊಡ ಇಳಿಸಿ ಕೇಳಿದರು: "ಹಂಗಾರೆ ಹೊಸಿಲಿಗೆ ಬಂದ್ರೆ ಏನ್ ಕೊಡಾದವ್ವ? ಬರಿಬಾಯಲ್ಲಿ ಕಳ್ಸಕಾಗ್ತೈತಾ?"

ಅತ್ತೆ ಇದಕ್ಕೆ ತಯಾರಾಗಿ ಹೋಗಿರಲಿಲ್ಲ. ತಿರುಗಿ ನನ್ನನ್ನು ನೋಡಿದರು. ನಾನು ಬಿಂದಿಗೆಯ ಹಿಂದಿನಿಂದ ಪಿಸುಗುಟ್ಟಿದೆ. ಅವರು ಪೂಜಾರಿಯ ಗತ್ತಿನಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದರು: "ಬೇಯಿಸಿದ ಕಡ್ಲೆಕಾಯಿ ಆಯ್ತೈತೆ. ಬಾಳೆಹಣ್ಣು ಆಯ್ತೈತೆ. ಹೆಸ್ರುಕಾಳು ಉಸ್ಲಿ, ಹುರಿಟ್ಟು, ಹಾಲು ಆಯ್ತೈತೆ. ಅದೂವೆ ಮಧ್ಯಾಹ್ನದ ಉಣ್ಣೋ ಹೊತ್ತು ಕಳುದ್ಮೇಲೆ."

ಹರಕೆಯ ಮೊದಲ ದಿನ ನಮ್ಮ ಮನೆಯಲ್ಲಿ ಸಂಕಟದ ದಿನ. ಬೆಳಿಗ್ಗೆ ಹಾಲು ಕೊಟ್ಟರೆ ಮಗಳು ಲೋಟ ಒದ್ದಳು. ಕೇರಿ ಸುತ್ತಿ ಬಂದಳು. ಎಲ್ಲ ಮನೆಯಲ್ಲೂ ದೊಡ್ಡವರಿಗೆ ಮುಗಿಯುವ ಹಾಗೆ ಅವಳಿಗೆ ಕೈ ಮುಗಿದು, "ಹರಕೆ ಐತೆ ಕಣಪ್ಪ" ಎಂದು ಕಳಿಸಿದರು. ರಸ್ಕಿನ ಅಜ್ಜಿ ನೋಡಲಾರದೆ ಬಾಗಿಲು ಹಾಕಿಕೊಂಡು ಒಳಗೆ ಅತ್ತರಂತೆ. ಮಾವನವರು ಕಾಯಿ ತಿರುವಿ ಹಾಕಬೇಕೆಂದು ಬನ್ನು ಜೇಬಿನಲ್ಲಿಟ್ಟುಕೊಂಡು ಅಟ್ಟ ಹತ್ತಿದರು. ನಮ್ಮ ಅಟ್ಟಕ್ಕೆ ಬಿದಿರ ತಡಿಕೆ ಹಾಸಿದೆ. ಕೆಳಗೆ ನಿಂತಿದ್ದ ಮಗಳ ತಲೆಯ ಮೇಲೆ ಬನ್ನಿನ ಪುಡಿ ಉದುರಿತು.

"ತಾತಾ, ಏನ್ ತಿಂತಿದೀಯಾ?"

"ಇಲಿ ಕಣಪ್ಪ, ಇಲಿ" ಎಂದಿತು ಅಟ್ಟ, ಬಾಯಿ ತುಂಬ ಬನ್ನು ಇಟ್ಟುಕೊಂಡು.

ಮಧ್ಯಾಹ್ನದ ಹೊತ್ತಿಗೆ ಮಗಳು ಅಳುವುದನ್ನು ನಿಲ್ಲಿಸಿದಳು. ಹೊಸಿಲ ಮೇಲೆ ಕೂತು, ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಅಮ್ಮಾ, ಹೊಟ್ಟೆ ಒಳಗೆ ಏನೋ ಆಗ್ತೈತೆ" ಎಂದಳು. ಮುಖ ಸಣ್ಣಗಾಗಿತ್ತು.

ನಮಗೆ ಜೀವ ಹಾರಿಹೋಯಿತು. ನೋವೇನೇ ಎಂದರೆ ಅಲ್ಲ ಎಂದಳು. ಉರಿಯೇ ಎಂದರೆ ಅಲ್ಲ. ಗುರುಗುರು ಅಂತೈತೆ ಎಂದಳು. ಅತ್ತೆ ಓಡಿಹೋಗಿ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಕೆಮ್ಮಿದೆವು. "ಹರಕೆ ಮುಟ್ಟಿಲ್ಲ, ದೇವ್ರಿಗೆ ಸಿಟ್ಟು ಬಂದೈತೆ" ಎಂದು ಅವರು ಅಳತೊಡಗಿದರು. ಮಾವನವರು ಅಟ್ಟದಿಂದ ಧುಮುಕಿದಂತೆ ಇಳಿದು, ಮಗುವನ್ನು ಎತ್ತಿ ಕಿವಿಗೆ ಹಿಡಿದು, "ಏನೋ ಸದ್ದು ಬತ್ತೈತೆ ಕಣಮ್ಮ, ಖಾಲಿ ಸದ್ದು!" ಎಂದು ಗಾಬರಿಯಾಗಿ ಸ್ಕೂಟರಿನ ಕೀಲಿ ಹುಡುಕಲು ಹೋದರು. ನಾನು ಡಾಕ್ಟರ ಹತ್ತಿರ ಹೋಗಲು ಸೀರೆ ಬದಲಾಯಿಸಲು ಒಳಗೆ ಓಡಿದೆ. ಅಷ್ಟು ಜನ ದೊಡ್ಡವರಲ್ಲಿ ಒಬ್ಬರಿಗೂ ಅದು ಏನೆಂದು ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಆ ಮಗು ಅದನ್ನು ಯಾರಿಗೂ ಹೇಳಿದ್ದೇ ಇಲ್ಲವಲ್ಲ!

ನಾನು ಹೊರಗೆ ಬಂದಾಗ ಹೊಸಿಲ ಮೇಲೆ ಮಗು ಇರಲಿಲ್ಲ. ಅಡುಗೆಮನೆಯಲ್ಲಿ ಮಾವನವರಿಗೆ ಬಡಿಸಿಟ್ಟಿದ್ದ ತಟ್ಟೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಮುದ್ದೆಯನ್ನು ಚೂರು ಚೂರೇ ಮುರಿದು, ಅವರೆಕಾಳು ಸಾರಿನಲ್ಲಿ ಮುಳುಗಿಸಿ, ಮೊಣಕೈವರೆಗೆ ಸಾರು ಇಳಿಸಿಕೊಂಡು ಉಣ್ಣುತ್ತಿದ್ದಳು. ಮೊಬೈಲಿಲ್ಲ, ಹಾಡಿಲ್ಲ, ಹಿಂದೆ ಓಡುವವರಿಲ್ಲ. ಸ್ಕೂಟರಿನ ಕೀಲಿ ಹಿಡಿದುಕೊಂಡು ಮಾವನವರೂ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅತ್ತೆಯೂ ನನ್ನ ಹಿಂದೆ ಬಂದು ನಿಂತರು. ಉಸಿರಾಡಿದರೆ ಎಲ್ಲಿ ಎದ್ದುಬಿಡುತ್ತಾಳೋ ಎಂದು ನಾವು ಕೆಮ್ಮನ್ನೂ ತಡೆದುಕೊಂಡೆವು.

"ಹೊಟ್ಟೆ ಹೆಂಗೈತೆ ಮಗಾ?" ಎಂದು ಕೊನೆಗೆ ಅತ್ತೆ ಕೇಳಿದರು.

"ಸರೋಯ್ತು" ಎಂದು ಬೆರಳು ನೆಕ್ಕಿದಳು.

"ಅಯ್ಯೋ ನನ್ ಕಂದ, ಅದು ಹಸಿವು ಕಣಪ್ಪ!" ಎಂದು ಅತ್ತೆ ನಗುತ್ತ ಅಲ್ಲೇ ಕುಸಿದು ಕೂತರು. ಗಂಡನಿಗೆ ಫೋನ್ ಮಾಡಿ, "ಮುದ್ದೆ ತಿಂದಳು" ಎಂದೆ. "ಯಾರು?" ಎಂದರು. ಸಿಟ್ಟು ಬಂದು ಫೋನ್ ಇಟ್ಟುಬಿಟ್ಟೆ.

ಆಮೇಲಿನ ದಿನಗಳೆಲ್ಲ ಹೀಗೇ ಸುಸೂತ್ರವಾಗಿ ಹೋದವೆಂದಲ್ಲ. ನಡುವೆ ನೆಗಡಿಯಾಗಿ ಮಗಳು ಏನೂ ಮುಟ್ಟದೆ ಮಲಗಿದಾಗ ನನಗೆ ಟೀಚರ ಮಾತು ನೆನಪಾಗಿ ರಾತ್ರಿಯೆಲ್ಲ ಹಣೆ ಮುಟ್ಟಿ ನೋಡುತ್ತ ಕೂತೆ. ಅಂಗಡಿಯವನು ಮರೆತು ಒಂದು ಸಲ ಪೊಟ್ಟಣ ಕೊಟ್ಟು, ಆ ರಾತ್ರಿ ತನ್ನ ಎಮ್ಮೆ ಹಾಲು ಕೊಡಲಿಲ್ಲವೆಂದು ಮಾರನೆಯ ದಿನ ಕಾಯಿ ಒಡೆಸಿದ. ಹಿಟ್ಟಿನ ಪ್ಯಾಕೆಟ್ಟು ಬೆಲ್ಲ ತುಪ್ಪ ಸೇರಿ ಉಂಡೆ ಆಗತೊಡಗಿದ್ದರಿಂದ ಕರು ಬಾನಿಯ ಮುಂದೆ ನಿಂತು ಸಂಜೆಯೆಲ್ಲ ಅಂಬಾ ಎನ್ನುತ್ತಿತ್ತು. ಕೇರಿಯಲ್ಲಿ ಮಾತ್ರ ಪೈಪೋಟಿ ಎದ್ದಿತು. ಹರಕೆಯ ಮಗು ಯಾರ ಮನೆಯಲ್ಲಿ ಹೆಚ್ಚು ತಿಂದಿತು ಎಂಬುದೇ ಸಾಯಂಕಾಲದ ಸುದ್ದಿ. ರಸ್ಕಿನ ಅಜ್ಜಿ ಕಡಲೆಕಾಯಿ ಸಿಪ್ಪೆ ಬಿಡಿಸಿ, ಒಳಗಿನ ತೆಳು ಹೊಟ್ಟನ್ನೂ ಸುಲಿದು ಕಾಯುತ್ತಿದ್ದರು. ನೋಡುತ್ತ ನೋಡುತ್ತ ಇನ್ನೂ ಕೆಲವು ಮನೆಯ ಅಜ್ಜಿಯರು ತಮ್ಮ ಮೊಮ್ಮಕ್ಕಳಿಗೂ ಇದೇ ಹರಕೆ ಕಟ್ಟಿದರು. ಯಾವ ದೇವರಿಗೆ ಎಂದು ಕೇಳಿದರೆ, "ಅವ್ರ ಮನೆ ದೇವ್ರಿಗೇ. ಕೆಲ್ಸ ಮಾಡ್ತೈತಲ್ಲ" ಎನ್ನುತ್ತಿದ್ದರು.

ತೂಕದ ದಿನ ಮತ್ತೆ ಬಂತು. ಹೊರಡುವ ಮುಂಚೆ ಮಗಳು ತಾತನ ಪಂಚೆ ಹಿಡಿದು ಎಳನೀರು ಬೇಕೆಂದಳು.

"ತೂಕ ಆದ್ಮೇಲೆ" ಎಂದರು ಮಾವನವರು, ನನ್ನ ಕಡೆ ನೋಡದೆ.

ಅಂಗನವಾಡಿಯಲ್ಲಿ ಅವರೇ ಕೂತು ಉಡುದಾರ ಬಿಚ್ಚಿದರು. ಗೆಜ್ಜೆ, ಕಡಗ, ತಾಯಿತ ಎಲ್ಲ ತೆಗೆದು ಟವಲ್ಲಿನಲ್ಲಿ ಕಟ್ಟಿಕೊಂಡರು. ಮಗುವನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಉಚ್ಚೆ ಹೊಯ್ಯಿಸಿಕೊಂಡೂ ಬಂದರು. "ಈಗ ಹಾಕಿ ಟೀಚರ್. ಮಾಲಿನಾಗೆ ಏನೂ ಮೋಸ ಇಲ್ಲ" ಎಂದರು.

ಜೋಲಿಗೆ ಇಳಿಸಿದೆವು. ಮುಳ್ಳು ಎದ್ದಿತು. ಹೋದ ತಿಂಗಳ ಗೆರೆಯ ಹತ್ತಿರ ಬಂದು ನಡುಗಿತು. ನನಗೆ ನೋಡಲಾಗಲಿಲ್ಲ, ಅತ್ತೆಯ ಕೈ ಹಿಡಿದೆ. ಮುಳ್ಳು ಆ ಗೆರೆಯನ್ನು ದಾಟಿತು, ಅದರ ಹಿಂದಿನ ತಿಂಗಳದನ್ನೂ ದಾಟಿತು, ಇನ್ನೊಂದು ಚೂರು ಹೋಗಿ ನಿಂತಿತು. ನಾವೆಲ್ಲ ಒಟ್ಟಿಗೆ ಕೆಳಗೆ ನೆಲ ನೋಡಿದೆವು. ನೆಲ ಒಣಗಿತ್ತು. ಟೀಚರೂ ನೆಲ ನೋಡಿ, ನಕ್ಕು, ಚುಕ್ಕಿ ಇಟ್ಟರು. ಚುಕ್ಕಿ ಇನ್ನೂ ಹಳದಿಯಲ್ಲೇ ಇತ್ತು. ಆದರೆ ಮುಖ ಹಸಿರಿನ ಕಡೆ ತಿರುಗಿತ್ತು.

"ಆಸ್ಪತ್ರೆ ಬ್ಯಾಡ ಬುಡಮ್ಮ ಈಗ. ಹಿಂಗೇ ಉಣ್ಸಿ" ಎಂದರು. ನಾನು ಎಲ್ಲರೆದುರು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಹರಕೆ ಅಲ್ಲಿಗೆ ತೀರಿತು. ಅತ್ತೆ ಅದಕ್ಕೆ ತಯಾರಾಗಿಯೇ ಬಂದಿದ್ದರು. ಅಂಗನವಾಡಿಯ ಮೆಟ್ಟಿಲು ಇಳಿದದ್ದೇ ಸೆರಗಿನ ಗಂಟು ಬಿಚ್ಚತೊಡಗಿದರು. ಒಳಗೆ ಬಿಸ್ಕತ್ತಿನ ಪ್ಯಾಕೆಟ್ಟು ಇತ್ತು. ಇಷ್ಟು ದಿನ ತಡೆದುಕೊಂಡ ಜೀವ, ಕೊಡಲಿ ಎಂದು ನಾನೂ ಬಿಟ್ಟೆ. ಅಷ್ಟರಲ್ಲಿ ಮಗಳು ಅವರ ಸೀರೆ ಜಗ್ಗಿದಳು.

"ಅಜ್ಜೀ, ಹಸೀತೈತೆ."

ಅತ್ತೆಯ ಬೆರಳು ಗಂಟಿನ ಮೇಲೇ ನಿಂತಿತು. ಪ್ಯಾಕೆಟ್ಟನ್ನು ನೋಡಿದರು, ಮಗುವನ್ನು ನೋಡಿದರು. ಆಮೇಲೆ ಸೆರಗನ್ನು ಮತ್ತೆ ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬಾ ಮಗಾ, ಮನೆಗೋಗಿ ಮುದ್ದೆಗೆ ಎಸರಿಡ್ತೀನಿ" ಎಂದು ಮುಂದೆ ಓಡಿದರು.

ಮಾವನವರು ಮಗುವನ್ನು ಎತ್ತಿಕೊಂಡರು. ಕಿವಿಯ ಹತ್ತಿರ ಒಯ್ಯುತ್ತಾರೆಂದು ಕಾದೆ. ಒಯ್ಯಲಿಲ್ಲ.

"ಯಾಕೆ ಮಾವ, ಇವತ್ತು ಅಲ್ಲಾಡಿಸಿ ನೋಡಲ್ವಾ?" ಎಂದೆ.

"ಸುಮ್ಕೆ ಬಾರಮ್ಮ, ಕೂಸು ಹಸಿದೈತೆ" ಎಂದು ಬೇಗ ಬೇಗ ಹೆಜ್ಜೆ ಹಾಕಿದರು.